ಬೇಕರಿಯ ಮುಂದೆ ಕೇಳಿದ ಪ್ರಶ್ನೆ

ಮಾರ್ಚ್ ೪, ಸೋಮವಾರ

ಪ್ರೀತಿಯ ಅಕ್ಕ,

ಇವತ್ತು ಬೆಳಿಗ್ಗೆ ಎದ್ದಾಗ ಬಾಗಿಲ ಕೆಳಗಿನ ಸಂದಿಯಲ್ಲಿ ಬಿಸಿಲಿನ ಗೆರೆ ಈ ಕೊನೆಯಿಂದ ಆ ಕೊನೆಯವರೆಗೆ ಇಡಿಯಾಗಿತ್ತು. ದಿನವೂ ಅದು ನಡುವೆ ತುಂಡಾಗಿರುತ್ತದೆ. ಹೊರಗೆ ಮೆಟ್ಟಿಲ ತುದಿಯಲ್ಲಿ ಗುಜರಿ ಮಲಗಿದ ಕಡೆ ಕತ್ತಲು, ಅವನ ಎರಡೂ ಪಕ್ಕದಲ್ಲಿ ಬೆಳಕು. ನಾನು ಹಾಸಿಗೆಯಲ್ಲಿ ಕೂತು ಆ ಗೆರೆಯನ್ನೇ ನೋಡುತ್ತಿದ್ದೆ.

ಗುಜರಿ ಕಾಣೆಯಾಗಿದ್ದಾನೆ, ಅಕ್ಕ.

ನಿನ್ನೆ ಸಂಜೆ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಬೆಲ್ಟು ಸಡಿಲವಾಗಿತ್ತು. ತಲೆ ನುಸುಳಿಸಿಕೊಂಡು ಓಡಿಬಿಟ್ಟ. ಪ್ರಾಣಿ ನಿಯಂತ್ರಣ ಕಚೇರಿಗೆ ಇವತ್ತೇ ಬರೆಯುತ್ತಿದ್ದೇನೆ. ಬೀದಿಯಲ್ಲಿ ಒಂಟಿಯಾಗಿ ಸಿಕ್ಕ ನಾಯಿಗಳನ್ನು ಅವರ ವ್ಯಾನು ಒಯ್ದು ಅಲ್ಲಿ ಇಟ್ಟಿರುತ್ತದಂತೆ.

ಫೋನ್ ಮಾಡಬಹುದಿತ್ತು. ಆದರೆ ನಿನ್ನ ನರ್ಸಿಂಗ್ ಹಾಸ್ಟೆಲ್ಲಿಗೆ ಫೋನ್ ಮಾಡಿದರೆ ನಾನು "ಹಾಂ", "ಹೂಂ" ಬಿಟ್ಟು ಬೇರೇನೂ ಅನ್ನುವುದಿಲ್ಲ, ಸುಮ್ಮನೆ ಹೊತ್ತು ದಂಡ, ಕಾಗದ ಬರಿ ಎಂದು ನೀನೇ ಹೇಳಿದ್ದೆಯಲ್ಲ. ನಿನ್ನ ತರಬೇತಿ ಮುಗಿಯುವವರೆಗೆ ಅವನನ್ನು ನೋಡಿಕೊಳ್ಳುತ್ತೇನೆ ಎಂದಿದ್ದೆ. ಮೂರು ತಿಂಗಳೂ ಆಗಲಿಲ್ಲ.

ಬೈಯಬೇಕಾದರೆ ಬೈ. 

ನಿನ್ನ
ಗುಮ್ಮಿ


ಮಾರ್ಚ್ ೪

ಪ್ರಾಣಿ ನಿಯಂತ್ರಣ ಕಚೇರಿಗೆ

ಮಾನ್ಯರೇ,

ನಮ್ಮ ನಾಯಿ ನಿನ್ನೆ, ಭಾನುವಾರ ಸಂಜೆ, ದೊಡ್ಡ ಪಾರ್ಕಿನಲ್ಲಿ ತಪ್ಪಿಸಿಕೊಂಡಿದೆ. ಮೂರು ವರ್ಷದ ಕೆಳಗೆ ನನ್ನ ಅಕ್ಕನಿಗೆ ಗುಜರಿ ಅಂಗಡಿಯ ಹಿಂದೆ, ಮುರಿದ ಫ್ರಿಜ್ಜಿನ ಬಾಗಿಲ ಅಡಿಯಲ್ಲಿ ಸಿಕ್ಕಿತು. ಹಾಗಾಗಿ ಹೆಸರು ಗುಜರಿ.

ಅದರ ಮೈಬಣ್ಣ ಮಧ್ಯಾಹ್ನದಲ್ಲಿ ಒಂದು ಬಗೆ, ದೀಪ ಹಚ್ಚಿದ ಮೇಲೆ ಇನ್ನೊಂದು ಬಗೆ. ಹೊಸಬರನ್ನು ಕಂಡರೆ, ಎಲ್ಲೋ ನೋಡಿದ ಮುಖ ಎಂದು ನೆನಪಿಸಿಕೊಳ್ಳುವವರ ಹಾಗೆ ತಲೆ ಓರೆ ಮಾಡುತ್ತದೆ. ಮನೆಯಲ್ಲಿ ಮಾತಿಲ್ಲದ ಹೊತ್ತಿನಲ್ಲಿ ಅದೂ ಸದ್ದು ಮಾಡುವುದಿಲ್ಲ. ಯಾರ ಕಣ್ಣಿಗೂ ಬೀಳದೆ ಒಂದು ಕೋಣೆಯನ್ನು ತುಂಬಿಕೊಂಡಿರುವುದು ಹೇಗೆ ಎಂದು ಅದಕ್ಕೆ ಗೊತ್ತು.

ಇಂಥ ನಾಯಿ ತಮ್ಮಲ್ಲಿದ್ದರೆ ದಯವಿಟ್ಟು ತಿಳಿಸಬೇಕು.

ವಂದನೆಗಳೊಂದಿಗೆ,
ಪ್ರೆಸ್ ಬೀದಿಯ ಮಹಡಿ ಮನೆಯ ಬಾಡಿಗೆದಾರಳು


ಮಾರ್ಚ್ ೬

ಮೇಡಂ ಅವರಿಗೆ,

ತಮ್ಮ ಪತ್ರ ತಲುಪಿತು. ನಾನು ಓದಿದೆ. ನಾಯಿ ಹಿಡಿಯುವವರಿಗೂ ಓದಿ ಹೇಳಿದೆ. ಅವರಲ್ಲೊಬ್ಬರು "ಇನ್ನೊಂದ್ಸಲ ಓದಿ ಸಾರ್, ಚೆನ್ನಾಗಿದೆ" ಎಂದರು. ಆದರೆ ನಾಯಿಯ ಬಣ್ಣ ಯಾವುದೆಂದು ನಮ್ಮಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ದಯವಿಟ್ಟು ಇಷ್ಟು ತಿಳಿಸಿ: ಬಣ್ಣ, ಎತ್ತರ, ಕಿವಿ, ಬಾಲ. ಫೋಟೋ ಇದ್ದರೆ ಕಳಿಸಿ.

ಈಗ ನಮ್ಮ ಆವರಣದ ನಾಯಿಗಳಿಗೆ ಜ್ವರ ಹರಡಿದೆ. ಹೊರಗಿನವರನ್ನು ಗೂಡುಗಳ ಹತ್ತಿರ ಬಿಡುವಂತಿಲ್ಲ. ಆದ್ದರಿಂದ ಸದ್ಯಕ್ಕೆ ರಿಜಿಸ್ಟರ್ ನೋಡಿಯೇ ಗುರುತು ಹಚ್ಚುತ್ತೇವೆ. ಹಿಡಿದ ಜಾಗ ಮತ್ತು ದಿನ ಒಂದು ಕಡೆ, ಕಳೆದುಕೊಂಡವರು ಹೇಳುವ ಜಾಗ ಮತ್ತು ದಿನ ಇನ್ನೊಂದು ಕಡೆ. ಎರಡೂ ಹೊಂದಿದರೆ ನಾಯಿ ಅವರದು. ಹತ್ತು ದಿನ ಯಾರೂ ಬಾರದಿದ್ದರೆ ಸಾಕುವ ಮನಸ್ಸಿರುವವರಿಗೆ ಕೊಡುತ್ತೇವೆ.

ಭಾನುವಾರ ಪಾರ್ಕಿನ ಕಡೆಯಿಂದ ಬಂದ ನಾಯಿ ನಮ್ಮಲ್ಲಿ ಯಾವುದೂ ಇಲ್ಲ. ಆದರೂ ನೋಡುತ್ತಿರುತ್ತೇವೆ.

ಇತಿ,
ದಾಖಲೆ ಗುಮಾಸ್ತ


ಮಾರ್ಚ್ ೭

ಮಾನ್ಯರೇ,

ಬಣ್ಣ ಕಂದು. ಮುಂದಿನ ಎರಡು ಪಾದ ಬಿಳಿ. ಎತ್ತರ ನನ್ನ ಮೊಣಕಾಲಿನಷ್ಟು. ಕಿವಿ ಮಡಿಸಿಕೊಂಡಿದೆ. ಬಾಲ ಸುರುಳಿ. ಕುತ್ತಿಗೆಗೆ ಪಟ್ಟಿ ಇಲ್ಲ. ಫೋಟೋ ಇರುವುದು ಅಕ್ಕನ ಪರ್ಸಿನಲ್ಲಿ, ಅದೂ ಮರಿಯಾಗಿದ್ದಾಗಿನದು.

ಮೊದಲನೆಯ ಪತ್ರಕ್ಕೆ ಕ್ಷಮೆಯಿರಲಿ.

ವಂದನೆಗಳು,
ಪ್ರೆಸ್ ಬೀದಿಯ ಮಹಡಿ ಮನೆ


ಮಾರ್ಚ್ ೭

ಗುಮ್ಮೀ,

ಕಾಗದ ಈಗ ಸಿಕ್ತು. ಒಂದು ನಾಯಿ ನೋಡ್ಕೊಳ್ಳೋಕಾಗ್ಲಿಲ್ವೇನೇ ನಿಂಗೆ? ಒಂದೇ ಒಂದು ನಾಯಿ! ನಾನಿಲ್ಲಿ ವಾರ್ಡಲ್ಲಿ ಮೂವತ್ತೆರಡು ಜನರನ್ನ ನೋಡ್ಕೋತೀನಿ, ಇದುವರೆಗೆ ಒಬ್ಬರೂ ತಲೆ ನುಸುಳಿಸ್ಕೊಂಡು ಓಡಿಲ್ಲ.

ಬೈದಾಯ್ತು. ಈಗ ಕೇಳು.

ಅವನು ಹೆಸರಿಗೆ ಬರಲ್ಲ, ಸಿಳ್ಳೆಗೆ ಬರ್ತಾನೆ. ಒಂದು ಉದ್ದ, ಒಂದು ಗಿಡ್ಡ. ಕಲ್ತ್ಕೋ. ತೋರುಬೆರಳು, ನಡುಬೆರಳು ಜೋಡಿಸು. ನಾಲಿಗೆ ತುದೀನ ಬೆರಳಲ್ಲಿ ಹಿಂದಕ್ಕೆ ಮಡಿಸು. ತುಟಿ ಹಲ್ಲಿನ ಮೇಲೆ ಒಳಕ್ಕೆ ಎಳ್ಕೋ. ಊದು. ಮೊದಮೊದಲು ಬರೀ ಗಾಳಿ ಬರುತ್ತೆ, ಎಂಜಲು ಬರುತ್ತೆ. ಬಿಡಬೇಡ. ಆಮೇಲೆ ಆ ಕಚೇರಿಗೆ ಹೋಗಿ ಕಾಂಪೌಂಡ್ ಹೊರಗೆ ನಿಂತು ಹಾಕು. ಒಳಗೆ ಬಿಡದಿದ್ರೆ ಬೇಡ, ಗೋಡೆ ಸಿಳ್ಳೆ ತಡೆಯುತ್ತಾ? ಯಾವ ನಾಯಿ ಹುಚ್ಚು ಹಿಡಿದ ಹಾಗೆ ಕುಣಿಯುತ್ತೋ ಅದೇ ನಮ್ಮದು ಅಂತ ಅಲ್ಲಿರೋರಿಗೆ ಹೇಳಿರು.

ಬೀದೀಲಿ ನಿಂತು ಸಿಳ್ಳೆ ಹಾಕೋಕೆ ನಾಚಿಕೆ ಅಂತ ಮಾತ್ರ ಬರೀಬೇಡ. ಅವತ್ತು ಬಸ್ ಸ್ಟ್ಯಾಂಡಲ್ಲಿ ನಾನು ಏನು ಕೇಳಿದೆ ನಿನ್ನ? "ಹೋಗ್ಬೇಡ ಅನ್ನು, ನಿಲ್ತೀನಿ" ಅಂದೆ. ನೀನು ನನ್ನ ಸೂಟ್‌ಕೇಸಿನ ಚಕ್ರ ನೋಡ್ಕೊಂಡು ನಿಂತಿದ್ದೆ. ಹೋಗ್ಲಿ, ಅದು ಮುಗಿದ ಮಾತು.

ಸಿಳ್ಳೆ ಕಲಿ.

ಅಕ್ಕ


ಮಾರ್ಚ್ ೧೦, ಭಾನುವಾರ

ಪ್ರೀತಿಯ ಅಕ್ಕ,

ನಿನ್ನೆ ನಿನ್ನ ಕಾಗದ ಬಂದಾಗಿನಿಂದ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಸಿಳ್ಳೆ ಕಲಿಯುತ್ತಿದ್ದೇನೆ, ಕೆಳಗಿನ ಮನೆಯವರಿಗೆ ಕೇಳದಿರಲಿ ಎಂದು. ನೀನು ಹೇಳಿದ ಹಾಗೆಯೇ ಗಾಳಿಯೂ ಎಂಜಲೂ ಬಂದವು. ಒಮ್ಮೆ ಕೆಟಲ್ ಕುದಿಯುವ ಮುಂಚಿನ ಸಣ್ಣ ಸದ್ದಿನಂಥದ್ದು ಬಂತು. ಅಷ್ಟೇ.

ಇವತ್ತು ಕಚೇರಿಯ ಹತ್ತಿರ ಹೋದೆ. ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ನಡಿಗೆ. ಟೈರು ಅಂಗಡಿಯ ಪಕ್ಕ ಉದ್ದನೆಯ ಹಳದಿ ಗೋಡೆ, ಮೇಲೆ ಗಾಜಿನ ಚೂರು. ಒಳಗೆ ಒಂದು ನಾಯಿ ಬೊಗಳಿದರೆ ಸಾಕು, ಎಲ್ಲವೂ ಶುರು ಮಾಡುತ್ತವೆ, ಆಮೇಲೆ ಒಟ್ಟಿಗೆ ನಿಲ್ಲಿಸುತ್ತವೆ. ಅವು ನಿಲ್ಲಿಸಿದ ಹೊತ್ತಿಗೆ ಬೆರಳನ್ನು ಬಾಯಿಗೆ ಇಟ್ಟೆ. ಟೈರಿಗೆ ಗಾಳಿ ಹಾಕುತ್ತಿದ್ದವರು ತಲೆ ಎತ್ತಿ, "ಏನಮ್ಮಾ, ಹಲ್ಲುನೋವಾ? ಡಾಕ್ಟರು ಆ ಕಡೆ ರಸ್ತೆಯಲ್ಲಿ" ಎಂದರು. ನಾನು ಹೂಂಗುಟ್ಟಿ, ಆ ಕಡೆ ರಸ್ತೆಗೆ ಹೋಗಿ, ಡಾಕ್ಟರ ಬೋರ್ಡಿನ ಕೆಳಗೆ ಸ್ವಲ್ಪ ಹೊತ್ತು ನಿಂತು ಮನೆಗೆ ಬಂದೆ.

ನಗಬೇಡ. ಅಥವಾ ನಗು.

ಪ್ರೆಸ್ಸಿನಲ್ಲಿ ನಾನು ಕರಡು ತಿದ್ದುವ ಮೇಜಿನ ಹತ್ತಿರ ಬಂದು ಮಷೀನಿನವರು, "ನಾಯಿ ಕಳೆದಿದೆ ಅಂತ ನೂರು ಪೋಸ್ಟರ್ ಹೊಡ್ಕೊಡ್ತೀನಿ, ಬೀದಿ ತುಂಬಾ ಅಂಟಿಸಿ" ಎಂದರು. ಬೇಡ ಎಂದೆ. ಯಾಕೆಂದು ಅವರು ಕೇಳಲಿಲ್ಲ. ನೀನೂ ಕೇಳಬೇಡ.

ನಿನ್ನ
ಗುಮ್ಮಿ


ಮಾರ್ಚ್ ೯ (ತಲುಪಿದ್ದು ೧೧ಕ್ಕೆ)

ಮೇಡಂ ಅವರಿಗೆ,

ತಮ್ಮ ಎರಡನೆಯ ಪತ್ರ ಉಪಯೋಗಕ್ಕೆ ಬಂತು. ಆದರೆ ಕಂದು ಬಣ್ಣ, ಬಿಳಿ ಪಾದ, ಸುರುಳಿ ಬಾಲದ ನಾಯಿಗಳು ಈಗ ನಮ್ಮಲ್ಲಿ ಐದು ಇವೆ. ನಾಲ್ಕು ಬಹಳ ದೂರದ ಬಡಾವಣೆಗಳವು.

ಐದನೆಯದು ತಮ್ಮ ಬೀದಿಗೆ ಹತ್ತಿರದ ಬೇಕರಿಯ ಮುಂದೆ ಸಿಕ್ಕಿದ್ದು. ಆದರೆ ಅದನ್ನು ಹಿಡಿದದ್ದು ೨ನೇ ತಾರೀಖು, ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ. ತಮ್ಮದು ತಪ್ಪಿಸಿಕೊಂಡದ್ದು ಭಾನುವಾರ ಸಂಜೆ. ಅಲ್ಲದೆ, ವ್ಯಾನಿಗೆ ಹತ್ತಿಸುವ ಮುಂಚೆ ನಮ್ಮವನು ಅಲ್ಲಿ ನೆರೆದವರನ್ನೆಲ್ಲ "ಯಾರದು ನಾಯಿ?" ಎಂದು ಮೂರು ಸಲ ಕೇಳಿದ್ದಾನೆ. ಹಾಗೆ ಕೇಳಿ, ಉತ್ತರವನ್ನು ಬರೆದುಕೊಳ್ಳುವುದು ನಮ್ಮ ಕ್ರಮ. ರಿಜಿಸ್ಟರಿನಲ್ಲಿ "ಯಾರೂ ನಮ್ಮದೆನ್ನಲಿಲ್ಲ" ಎಂದಿದೆ. ಆದ್ದರಿಂದ ಅದು ತಮ್ಮದಿರಲಾರದು.

ಆ ನಾಯಿಯ ಹತ್ತು ದಿನ ೧೨ನೇ ತಾರೀಖು ಸಂಜೆಗೆ ಮುಗಿಯುತ್ತದೆ. ತಮಗೆ ಬೇರೇನಾದರೂ ನೆನಪಾದರೆ ತಿಳಿಸಿ. ಆತುರದಲ್ಲಿ ಜನ ದಿನ ತಪ್ಪಿ ಬರೆಯುವುದುಂಟು.

ಇತಿ,
ದಾಖಲೆ ಗುಮಾಸ್ತ


ಮಾರ್ಚ್ ೧೩

ಮಾನ್ಯರೇ,

ನಿಮ್ಮ ಪತ್ರ ೧೧ಕ್ಕೇ ಕೈ ಸೇರಿತು. ಎರಡು ದಿನ ಅದನ್ನು ನಿಘಂಟಿನ ಕೆಳಗೆ ಇಟ್ಟುಕೊಂಡಿದ್ದೆ.

ನಾನು ಆತುರದಲ್ಲಿ ದಿನ ತಪ್ಪಿ ಬರೆಯಲಿಲ್ಲ. ಬೇಕೆಂದೇ ತಪ್ಪು ಬರೆದೆ. ಬೇಕರಿಯ ಮುಂದೆ ನೀವು ಹಿಡಿದ ನಾಯಿ ನಮ್ಮದು. ನಿಮ್ಮವರು ಮೂರು ಸಲ ಕೇಳಿದಾಗ ನಾನು ಅಲ್ಲೇ ಸಾಲಿನಲ್ಲಿ ನಿಂತಿದ್ದೆ.

ದಯವಿಟ್ಟು ಅದನ್ನು ಯಾರಿಗೂ ಕೊಡಬೇಡಿ.

ಪ್ರೆಸ್ ಬೀದಿಯ ಮಹಡಿ ಮನೆ


ಮಾರ್ಚ್ ೧೫

ಮೇಡಂ ಅವರಿಗೆ,

ತಮ್ಮ ಪತ್ರ ಇವತ್ತು ಬಂತು. ನಾಯಿಯನ್ನು ೧೩ರ ಬೆಳಿಗ್ಗೆ ಕೊಟ್ಟಾಯಿತು. ನೀರಿನ ಟ್ಯಾಂಕಿನ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಹೆಂಗಸೊಬ್ಬರು ಒಯ್ದಿದ್ದಾರೆ. ಒಬ್ಬರೇ ಇರುವವರು. ಮೂರು ತಿಂಗಳಿಂದ ಒಂದು ನಾಯಿ ಕೊಡಿ ಎಂದು ಕೇಳುತ್ತಿದ್ದರು.

ತಪ್ಪು ತಿಳಿಯಬೇಡಿ. ತಮ್ಮ ವಿಳಾಸದಿಂದ ನಮ್ಮ ಗೇಟಿಗೆ ಎಷ್ಟು ದೂರವೆಂದು ನನಗೆ ಗೊತ್ತು. ೧೧ಕ್ಕೆ ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಇನ್ನೊಂದು ದಾರಿ ಇದೆ. ಹಿಡಿದ ದಿನದಿಂದ ಒಂದು ತಿಂಗಳೊಳಗೆ ಮೊದಲಿನ ಯಜಮಾನರು ನಾಯಿಯನ್ನು ಕೇಳಬಹುದು. ಅವರು ಖುದ್ದಾಗಿ ಬರಬೇಕು. ಈಗ ಸಾಕುತ್ತಿರುವವರೂ ನಾಯಿಯೊಂದಿಗೆ ಬರುತ್ತಾರೆ. ನಾಯಿ ಹೇಗೆ ಕಳೆಯಿತೆಂದು ಅವರ ಎದುರಿಗೇ ಬಾಯಿಬಿಟ್ಟು ಹೇಳಬೇಕು. ಬರೆದು ಕೊಡುವುದು ನಡೆಯುವುದಿಲ್ಲ. ಇಬ್ಬರ ಮಾತನ್ನೂ ಕೇಳಿ ನಮ್ಮ ಅಧಿಕಾರಿಗಳು ತೀರ್ಮಾನಿಸುತ್ತಾರೆ. ಹಿಡಿದವನೂ ಹಾಜರಿರುತ್ತಾನೆ.

೨೯, ಶುಕ್ರವಾರ, ಬೆಳಿಗ್ಗೆ ಹನ್ನೊಂದಕ್ಕೆ ತಮ್ಮ ಸರದಿ ಇಟ್ಟಿದ್ದೇನೆ. ಬರುವುದು ಬಿಡುವುದು ತಮಗೆ ಸೇರಿದ್ದು.

ಇತಿ,
ದಾಖಲೆ ಗುಮಾಸ್ತ


ಮಾರ್ಚ್ ೧೬

ಅಕ್ಕ,

ಪಾರ್ಕಿಗೆ ನಾನು ಹೋಗಲೇ ಇಲ್ಲ. ಬಾಗಿಲ ಕೆಳಗಿನ ಬಿಸಿಲಿನ ಗೆರೆಯನ್ನು ಇಡಿಯಾಗಿ ಮೊದಲು ಕಂಡದ್ದು ಸೋಮವಾರವೂ ಅಲ್ಲ, ಭಾನುವಾರ. ಶನಿವಾರವೇ ಅವನು ಹೋಗಿದ್ದ.

ಹಿಂದಿನ ದಿನ ಬೆಲ್ಟು ತೊಳೆದು ತಂತಿಗೆ ಹಾಕಿದ್ದೆ. ಬೆಳಿಗ್ಗೆ ಬೇಕರಿಗೆ ಹೊರಟಾಗ ಹಾಗೇ ಹಿಂದೆ ಬಂದ. ದಿನಾ ಬರುವವನಲ್ಲವೇ, ಬರಲಿ ಎಂದು ಬಿಟ್ಟೆ. ಸಾಲಿನಲ್ಲಿ ನಾನು ನಾಲ್ಕನೆಯವಳು. ಮುಂದೆ ಒಬ್ಬ ಯಜಮಾನರು ಮೊಟ್ಟೆಯ ಟ್ರೇ ಹಿಡಿದುಕೊಂಡು ತಿರುಗಿದರು. ಗುಜರಿಗೆ ಆಟ ಅನ್ನಿಸಿತೋ ಏನೋ, ಎರಡು ಕಾಲಲ್ಲಿ ಎದ್ದು ಟ್ರೇಯ ಅಂಚಿಗೆ ಪಾದ ಇಟ್ಟ. ಒಂದೂ ಉಳಿಯಲಿಲ್ಲ. ಯಜಮಾನರ ಪ್ಯಾಂಟು, ಬೂಟು, ನೆಲ, ಎಲ್ಲ ಕಡೆ ಮೊಟ್ಟೆ. ಜನ ಕೂಗಾಡಿದರು. "ಯಾರ್ದ್ರೀ ಇದು? ಸಾಕೋ ಯೋಗ್ಯತೆ ಇಲ್ಲದಿದ್ರೆ ಯಾಕ್ರೀ ಸಾಕ್ತಾರೆ?" ಎಂದು ಒಬ್ಬಾಕೆ. ಅಷ್ಟರಲ್ಲಿ ಮೂಲೆಯಲ್ಲಿ ನಿಂತಿದ್ದ ವ್ಯಾನಿನಿಂದ ಹಿಡಿಯುವವನು ಇಳಿದು ಬಂದ. ಕೋಲಿನ ತುದಿಯ ಕುಣಿಕೆಯನ್ನು ಕುತ್ತಿಗೆಗೆ ಮೆಲ್ಲಗೆ ಹಾಕಿದ. ಒರಟ ಅಲ್ಲ ಅಕ್ಕ, ಬಹಳ ನಿಧಾನದ ಮನುಷ್ಯ. ಹಾಕಿ, ಎಲ್ಲರ ಮುಖ ನೋಡಿ ಕೇಳಿದ: "ಯಾರದು ನಾಯಿ?"

ಗುಜರಿ ನನ್ನ ಕಡೆ ನೋಡಿದ. ಬಾಲ ಆಡಿಸುತ್ತಿದ್ದ.

ನಾನು ಹೇಳುವವಳಿದ್ದೆ. ನಿಜವಾಗಿ ಹೇಳುವವಳಿದ್ದೆ. ಮೊದಲ ಸಲ ಕೇಳಿದಾಗ, ಆ ಹೆಂಗಸು ಸುಮ್ಮನಾಗಲಿ, ಆಮೇಲೆ ಹೇಳೋಣ ಅಂದುಕೊಂಡೆ. ಎರಡನೆಯ ಸಲ, ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನೆನ್ನಲಿ ಅಂದುಕೊಂಡೆ. ಮೂರನೆಯ ಸಲ, ಕೈಯಲ್ಲಿದ್ದ ಚಿಲ್ಲರೆ ಎಣಿಸಿದೆ. "ಯಾರ್ದೂ ಅಲ್ಲ, ಎಳ್ಕೊಂಡ್ ಹೋಗಪ್ಪ" ಎಂದು ಯಾರೋ ನಕ್ಕರು. ಅವನು ಚೀಟಿಯಲ್ಲಿ ಏನೋ ಬರೆದುಕೊಂಡ. ವ್ಯಾನಿನ ಬಾಗಿಲು ಹಾಕುವವರೆಗೂ ಗುಜರಿ ಬೊಗಳಲಿಲ್ಲ. ನಾನು ಸುಮ್ಮನಿದ್ದರೆ ಅವನೂ ಸುಮ್ಮನಿರುತ್ತಾನಲ್ಲ.

ನನ್ನ ಸರದಿ ಬಂತು. ಬ್ರೆಡ್ ತೆಗೆದುಕೊಂಡೆ. ಅಕ್ಕ, ಬ್ರೆಡ್ ತೆಗೆದುಕೊಂಡೆ.

ಸಂಜೆ ಹೋಗಿ ಮೆಲ್ಲಗೆ ಬಿಡಿಸಿಕೊಂಡು ಬಂದರಾಯಿತು ಎಂದುಕೊಂಡಿದ್ದೆ. ಅಲ್ಲಿ ಹೋಗಿ ಏನು ಹೇಳುವುದೆಂದು ಎರಡು ದಿನ ಯೋಚಿಸಿ, ಕೊನೆಗೆ ಪಾರ್ಕು, ಭಾನುವಾರ ಎಂದು ಬರೆದೆ. ನನ್ನ ಮರ್ಯಾದೆ ಉಳಿಸಲು ಕಟ್ಟಿದ ಆ ಒಂದು ಸಾಲಿನಿಂದಲೇ ಅವನು ಅವರ ರಿಜಿಸ್ಟರಿನಲ್ಲಿ ಹೊಂದಲಿಲ್ಲ. ಈಗ ಹೊಲಿಗೆ ಅಂಗಡಿಯ ಹೆಂಗಸೊಬ್ಬರ ಮನೆಯಲ್ಲಿದ್ದಾನೆ. ಗುಮಾಸ್ತರ ಪತ್ರವನ್ನು ಇದರೊಂದಿಗೆ ಇಟ್ಟಿದ್ದೇನೆ, ಓದು.

ಬಸ್ ಸ್ಟ್ಯಾಂಡಿನಲ್ಲೂ ನಾನು ಹೇಳುವವಳಿದ್ದೆ.

ಗುಮ್ಮಿ


ಮಾರ್ಚ್ ೨೨

ಗುಮ್ಮೀ,

ಓದಿದೆ. ಎರಡು ಸಲ ಓದಿದೆ. ಹರಿದುಹಾಕೋಣ ಅನ್ನಿಸ್ತು, ಹರೀಲಿಲ್ಲ. ಸಿಟ್ಟು ಇಳಿಯೋವರೆಗೆ ಬರೆಯೋದು ಬೇಡ ಅಂತ ಇದ್ದೆ. ಇನ್ನೂ ಇಳಿದಿಲ್ಲ.

೨೯ಕ್ಕೆ ನಂಗೆ ರಜೆ ಕೊಡಲ್ಲ. ಕೊಟ್ಟಿದ್ರೂ ಬರ್ತಿರ್ಲಿಲ್ಲ. ಅಮ್ಮ ಹೋದಾಗಿನಿಂದ ನಿನ್ನ ಪರವಾಗಿ ಮಾತಾಡಿ ಮಾತಾಡಿ ನಿನ್ನ ಬಾಯಿಗೆ ಬೀಗ ಹಾಕಿದ್ದು ನಾನೇ ಇರಬೇಕು. ಅಂಗಡಿಯವನಿಗೆ ಚಿಲ್ಲರೆ ಕೇಳೋದಕ್ಕೂ ನಾನೇ ಬೇಕಿತ್ತು ನಿಂಗೆ.

ಏನು ಮಾಡ್ತೀಯೋ ನೀನೇ ತೀರ್ಮಾನ ಮಾಡು. ನಾನು ಹೇಳಲ್ಲ.

ಅವನು ತೆಳ್ಳಗಾಗಿದ್ದಾನಾ?

ಅಕ್ಕ


ಮಾರ್ಚ್ ೨೮, ಗುರುವಾರ

ಪ್ರೀತಿಯ ಅಕ್ಕ,

ತೆಳ್ಳಗಾಗಿಲ್ಲ. ನಿನ್ನೆ ಪ್ರೆಸ್ಸಿನಿಂದ ಬೇಗ ಹೊರಟು ನೋಡಿಕೊಂಡು ಬಂದೆ.

ಒಂದೇ ಕೋಣೆಯ ಅಂಗಡಿ. ಬಾಗಿಲಿಗೆ ಅಡ್ಡವಾಗಿ ಹೊಲಿಗೆ ಮಷೀನು, ಅದರ ಕೆಳಗೆ ಗುಜರಿ. ಕುತ್ತಿಗೆಯಲ್ಲಿ ನೀಲಿ ಬಟ್ಟೆಯ ಹೊಸ ಪಟ್ಟಿ. ಯಾವುದೋ ಸಮವಸ್ತ್ರದಲ್ಲಿ ಉಳಿದ ತುಂಡಿರಬೇಕು, ಅಂಚಿಗೆ ಎರಡು ಸಾಲು ಹೊಲಿಗೆ ಹಾಕಿದ್ದಾರೆ. ನಾನು ಎದುರು ಬದಿಯಲ್ಲಿ ನಿಲ್ಲಿಸಿದ್ದ ಟೆಂಪೋದ ಹಿಂದೆ ನಿಂತಿದ್ದೆ. ಆಕೆ ಗಟ್ಟಿ ದನಿಯವರು. "ಏ ಮಹರಾಯಾ, ಬಾಲ ತೆಗಿಯೋ, ಪೆಡಲಿಗೆ ಸಿಕ್ಕೊಂಡ್ರೆ ಆಮೇಲೆ ನನ್ನ ಬೈಬೇಡ" ಎಂದರು. ಅವನು ಬಾಲ ತೆಗೆದ. ಬಟ್ಟೆ ಕೊಡಲು ಬಂದಿದ್ದವರೊಬ್ಬರು "ಎಲ್ಲಿ ಸಿಕ್ಕಿತು?" ಎಂದು ಕೇಳಿದರು. "ಯಾರೋ ಪುಣ್ಯಾತ್ಮರು ಬೀದಿಗೆ ಬಿಟ್ಟಿದ್ದರಂತೆ. ಇವನನ್ನ ನೋಡಿದ್ರೆ ಹಾಗೆ ಬಿಡೋಕೆ ಮನಸ್ಸು ಬರುತ್ತೇನ್ರೀ? ಈಗ ಯಾರೋ ನಮ್ಮದು ಅಂತ ಬಂದಿದ್ದಾರಂತೆ, ಶುಕ್ರವಾರ ಬಾ ಅಂದಿದ್ದಾರೆ" ಎಂದು ಆಕೆ ಮಷೀನು ನಿಲ್ಲಿಸಿದರು. ಆಮೇಲೆ ಅದು ತುಂಬಾ ಹೊತ್ತು ಶುರುವಾಗಲಿಲ್ಲ.

ಆಗ ಗುಜರಿ ತಲೆ ಎತ್ತಿದ. ಟೆಂಪೋದ ಚಕ್ರಗಳ ನಡುವೆ ನನ್ನ ಚಪ್ಪಲಿ ಕಂಡಿರಬೇಕು. ನನ್ನನ್ನೇ ನೋಡಿದ. ಬಾಲವನ್ನು ನೆಲಕ್ಕೆ ಎರಡು ಸಲ ಬಡಿದ. ಎದ್ದು ಬರಲಿಲ್ಲ. ಬೇಕರಿಯ ಮುಂದೆ ನೋಡಿದ್ದೂ ಹೀಗೇ. ಕರೆದರೆ ಬರೋಣ ಎಂದು.

ಆಕೆ ಅವನು ನೋಡುತ್ತಿದ್ದ ಕಡೆ ನೋಡಿ, "ಏನಮ್ಮಾ, ಹೊಲಿಸೋದಿತ್ತಾ?" ಎಂದರು. ನಾನು ಇಲ್ಲವೆಂದು ತಲೆಯಾಡಿಸಿ ಬಂದುಬಿಟ್ಟೆ.

ದಾರಿಯುದ್ದಕ್ಕೂ ಅಂದುಕೊಂಡೆ: ಅಲ್ಲೇ ಇರಲಿ. ಆಕೆ ಒಳ್ಳೆಯವರು. ಅವನು ಹೊಟ್ಟೆ ತುಂಬ ಉಣ್ಣುತ್ತಿದ್ದಾನೆ. ಶುಕ್ರವಾರ ನಾನು ಹೋಗದಿದ್ದರೆ ಎಲ್ಲ ತಾನಾಗಿ ಮುಗಿಯುತ್ತದೆ. ನಿನಗೆ ಹೇಗೆ ಬರೆಯಬೇಕೆಂಬ ಸಾಲುಗಳೂ ಹೊಳೆದವು, ಚೆನ್ನಾಗಿಯೂ ಇದ್ದವು. ನಮ್ಮ ಮೆಟ್ಟಿಲು ಹತ್ತುವಾಗ ಹೆದರಿಕೆಯಾಯಿತು. ಅದು ಒಳ್ಳೆಯತನ ಅಲ್ಲ ಅಕ್ಕ. ಅದು ಮತ್ತೆ ಬ್ರೆಡ್ ತೆಗೆದುಕೊಂಡು ಮನೆಗೆ ಬರುವುದೇ. ಈ ಸಲ ಅದಕ್ಕೆ ಒಳ್ಳೆಯ ಹೆಸರು ಕೊಟ್ಟಿದ್ದೆ, ಅಷ್ಟೇ ವ್ಯತ್ಯಾಸ.

ಇವತ್ತು ಬೆಳಿಗ್ಗೆ ತಾರಸಿಯಲ್ಲಿ ಸಿಳ್ಳೆ ಬಂತು. ಒಂದು ಉದ್ದ, ಒಂದು ಗಿಡ್ಡ. ಪಕ್ಕದ ಮನೆಯಾಕೆ ಬಟ್ಟೆ ಹಿಂಡುತ್ತಾ ತಿರುಗಿ ನೋಡಿದರು. ನಾನು ಬೆರಳು ತೆಗೆಯಲಿಲ್ಲ. ಆದರೆ ನಾಳೆ ಅಲ್ಲಿ ಸಿಳ್ಳೆ ಹಾಕುವುದಿಲ್ಲ. ಹಾಕಿದರೆ ಅವನು ಆಕೆಯ ಕೈಯಿಂದ ಕಿತ್ತುಕೊಂಡು ಬರುತ್ತಾನೆ. ನಾನು ಆಡಬೇಕಾದ ಮಾತನ್ನು ನಾಯಿಯಿಂದ ಆಡಿಸಿದ ಹಾಗಾಗುತ್ತದೆ.

ಅವತ್ತೇ ಹೇಳಿದ್ದರೆ ಮೊಟ್ಟೆಯ ಯಜಮಾನರು ಒಂದಿಷ್ಟು ಬೈಯುತ್ತಿದ್ದರು, ಮುಗಿದುಹೋಗುತ್ತಿತ್ತು. ನಾಳೆ ಅದೇ ಮಾತಿಗೆ ಒಬ್ಬ ಹೆಂಗಸಿನ ಮಷೀನು ನಿಲ್ಲುತ್ತದೆ. ಅಥವಾ ಕಚೇರಿಯವರು ಕೊಡುವುದಿಲ್ಲ ಎನ್ನುತ್ತಾರೆ, ಜೂನಿನಲ್ಲಿ ನೀನು ಬಂದಾಗ ಮೆಟ್ಟಿಲ ಮೇಲೆ ಯಾರೂ ಇರುವುದಿಲ್ಲ. ಎರಡರಲ್ಲಿ ಯಾವುದಾದರೂ ಹೊಣೆ ನನ್ನದೇ.

ಅಲ್ಲಿ ನೋಡಿ ಓದಲು ಒಂದು ಹಾಳೆ ಬರೆದಿಟ್ಟುಕೊಂಡಿದ್ದೆ. ಎರಡು ಕಡೆ ತಿದ್ದಿಯೂ ಇದ್ದೆ. ಈಗ ಹರಿದೆ.

ಹನ್ನೊಂದಕ್ಕೆ ಅಲ್ಲ, ಹತ್ತೂವರೆಗೇ ಹೋಗಿ ನಿಲ್ಲುತ್ತೇನೆ. ಆಕೆಯೂ ಹಿಡಿಯುವವನೂ ಬರಲಿ, ಎಲ್ಲರೂ ಕೂರಲಿ. ಅವನು ಮತ್ತೆ ಆ ಪ್ರಶ್ನೆ ಕೇಳುವವರೆಗೆ ಕಾಯುವುದಿಲ್ಲ. ಎದ್ದು ನಿಂತು, ಗುಜರಿ ನಮ್ಮವನು, ಅವತ್ತು ನಾನು ಅಲ್ಲೇ ಇದ್ದೆ, ಎಂದು ಹೇಳುತ್ತೇನೆ.

ನಿನ್ನ
ಗುಮ್ಮಿ